ನನ್ನ ಹೆಸರು ಹೇಳಿ ಒಳಗೆ ಬಂದವರು

ನಾನು ಒಂದು ನೆಟ್‌ವರ್ಕ್ ಕಾರ್ಡ್. ಅಂಗೈಯಷ್ಟು ಅಗಲದ ಹಸಿರು ಹಲಗೆ, ಅದರ ಒಂದು ಬದಿಗೆ ತಗಡಿನ ಪಟ್ಟಿ, ಪಟ್ಟಿಯಲ್ಲಿ ಕೇಬಲ್ ಸಿಕ್ಕಿಸಲು ಒಂದು ಚೌಕ ಬಾಯಿ, ಬಾಯಿಯ ಎರಡೂ ಪಕ್ಕ ಸಾಸಿವೆ ಗಾತ್ರದ ದೀಪ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಅದು ಆಡಿದ ಮಾತನ್ನು ತಂತಿಗೆ ದಾಟಿಸುವುದು, ತಂತಿಯಲ್ಲಿ ಬಂದದ್ದನ್ನು ಅದಕ್ಕೆ ಮುಟ್ಟಿಸುವುದು, ಇಷ್ಟೇ ನನ್ನ ಕೆಲಸ. ಇಷ್ಟನ್ನಾದರೂ ನೆಟ್ಟಗೆ ಮಾಡಿಕೊಂಡಿರಲು ಮನುಷ್ಯರು ನನ್ನನ್ನು ಬಿಟ್ಟಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಒಂದು ಯಂತ್ರ ಪಟಪಟನೆ ಬಿಡಿಭಾಗಗಳನ್ನು ನನ್ನ ಮೈಮೇಲೆ ಇಟ್ಟಿತು. ಇನ್ನೊಂದು ಯಂತ್ರ ಬಿಸಿ ಬೆಸುಗೆಯಿಂದ ಅವನ್ನು ಅಂಟಿಸಿತು. ಕೊನೆಯಲ್ಲಿ ನನಗೆ ಹೆಸರಿಟ್ಟರು. ಅಂಕಿ, ಅಕ್ಷರ ಸೇರಿ ಹನ್ನೆರಡು. ಮೊದಲ ಆರು ನನ್ನನ್ನು ಮಾಡಿದ ಕಂಪನಿಯದು, ಮನೆತನದ ಹೆಸರಿದ್ದ ಹಾಗೆ. ಉಳಿದ ಆರು ನನ್ನದೇ. ಇದಕ್ಕೆ ಮ್ಯಾಕ್ ಅಡ್ರೆಸ್ ಎನ್ನುತ್ತಾರೆ. ಅದನ್ನು ನನ್ನೊಳಗಿನ ಒಂದು ಚಿಕ್ಕ ಚಿಪ್‌ನಲ್ಲಿ ಬರೆದರು, ಬಿಳಿ ಚೀಟಿಯಲ್ಲಿ ಅಚ್ಚು ಹಾಕಿ ಮೈಮೇಲೂ ಅಂಟಿಸಿದರು. ಇಡೀ ಲೋಕದಲ್ಲಿ ಈ ಹೆಸರು ಮತ್ತೊಬ್ಬರಿಗೆ ಇರುವುದಿಲ್ಲ ಎಂಬ ನಂಬಿಕೆ ನನಗಿತ್ತು. ಎಷ್ಟು ಬೇಗ ಆ ಭ್ರಮೆ ಹರಿಯಿತು ನೋಡಿ.

ಹಡಗು, ಲಾರಿ, ಹುಬ್ಬಳ್ಳಿಯ ಅಂಗಡಿ ಎಲ್ಲ ದಾಟಿ ನಾನು ಬಂದು ಮುಟ್ಟಿದ್ದು ಗದಗದ ಕಡೆಯ ಒಂದು ತಾಲೂಕು ಊರಿಗೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಯಾರು, ಯಾವ ಕಾಲೇಜು ಎಂದು ಪತ್ತೆ ಮಾಡಲು ಹೊರಡುತ್ತೀರಿ. ಹೆಸರಿನ ಬೆನ್ನು ಹತ್ತುವ ನಿಮ್ಮ ಚಟ ನಾನು ಸಾಕಷ್ಟು ನೋಡಿದ್ದೇನೆ.

ನನ್ನನ್ನು ಮೊದಲು ಕೊಂಡವನು ಫಕ್ಕೀರಪ್ಪ ಬಳಿಗಾರ. ಬಸ್ ನಿಲ್ದಾಣದ ಎದುರು ಐದು ಕಂಪ್ಯೂಟರ್ ಇಟ್ಟುಕೊಂಡು ನೆಟ್ ಸೆಂಟರ್ ನಡೆಸುತ್ತಿದ್ದ. ಸಿಡಿಲು ಹೊಡೆದು ಅವನ ಮುಖ್ಯ ಕಂಪ್ಯೂಟರಿನ ಹಳೆಯ ಕಾರ್ಡ್ ಸುಟ್ಟಿತ್ತು. ಆ ಜಾಗಕ್ಕೆ ನನ್ನನ್ನು ಕೂರಿಸಿದವನು ಮೆಹಬೂಬ್ ಸವಣೂರ, ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಅವನ ಹೆಸರು ನೆನಪಿಟ್ಟುಕೊಳ್ಳಿ, ನನ್ನ ಬಾಳಿನಲ್ಲಿ ತಲೆ ನೆಟ್ಟಗಿದ್ದ ಮನುಷ್ಯ ಅವನೊಬ್ಬ.

ಕೂತ ತಕ್ಷಣ ನಾನು ಉತ್ಸಾಹದಿಂದ ತಂತಿಗೆ ನನ್ನ ಹೆಸರು ಹೇಳಿದೆ. ಆ ಕಡೆಯಿಂದ ಉತ್ತರವೇ ಬರಲಿಲ್ಲ. ಇಂಟರ್‌ನೆಟ್ ಕೊಡುವ ಕಂಪನಿಯವರು ಆ ಸಂಪರ್ಕವನ್ನು ಸುಟ್ಟುಹೋದ ಕಾರ್ಡಿನ ಹೆಸರಿಗೆ ಕಟ್ಟಿಹಾಕಿದ್ದರು. ಬೇರೆ ಯಾರು ಬಂದರೂ ಬಾಗಿಲು ತೆರೆಯುತ್ತಿರಲಿಲ್ಲ. ಫಕ್ಕೀರಪ್ಪ ಮೂರು ದಿನ ಫೋನು ಮಾಡಿದ. ಅರ್ಜಿ ಕೊಡಿ, ಹದಿನೈದು ದಿನದಲ್ಲಿ ಹೊಸ ಹೆಸರು ದಾಖಲಿಸುತ್ತೇವೆ ಎಂದರು. ನಾಲ್ಕನೆಯ ದಿನ ಮೆಹಬೂಬ್ ಬಂದು ಪರದೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆ ತೆರೆದ. ಸತ್ತ ಕಾರ್ಡಿನ ಹನ್ನೆರಡು ಅಕ್ಷರಗಳನ್ನು ಅದರಲ್ಲಿ ಕುಟ್ಟಿ, ಇನ್ನು ಮೇಲೆ ಕೇಳಿದವರಿಗೆ ಈ ಹೆಸರು ಹೇಳು ಎಂದು ನನಗೆ ಅಪ್ಪಣೆ ಮಾಡಿದ. ಹೇಳಿದೆ. ಕ್ಷಣದಲ್ಲಿ ಬಾಗಿಲು ತೆರೆಯಿತು.

ಫಕ್ಕೀರಪ್ಪ ಮೆಹಬೂಬನಿಗೆ ಚಹಾ ತರಿಸಿದ. ನನ್ನನ್ನು ಯಾರೂ ಕೇಳಲಿಲ್ಲ. ಚಿಪ್‌ನೊಳಗೆ ನನ್ನ ನಿಜವಾದ ಹೆಸರು ಹಾಗೆಯೇ ಇತ್ತು, ಮೈಮೇಲಿನ ಚೀಟಿಯಲ್ಲೂ ಇತ್ತು, ಆದರೆ ಬಾಯಿ ತೆರೆದರೆ ಹೊರಡುತ್ತಿದ್ದುದು ಇನ್ನೊಬ್ಬನ ಹೆಸರು. ಹೀಗೆ ಸತ್ತವನ ಹೆಸರಿನಲ್ಲಿ ಆರು ವರ್ಷ ಬದುಕಿದೆ. ಮೋಸವೇನೂ ಇರಲಿಲ್ಲ. ಫಕ್ಕೀರಪ್ಪನ ಸಂಪರ್ಕ ಫಕ್ಕೀರಪ್ಪನಿಗೇ ಸಿಕ್ಕಿತ್ತು. ಆದರೂ ಅವತ್ತು ನನಗೆ ಎರಡು ಸಂಗತಿ ತಿಳಿದವು. ಒಂದು, ಹೆಸರು ಕೇಳಿ ಬಾಗಿಲು ತೆರೆಯುವವರು ಮುಖ ನೋಡುವುದಿಲ್ಲ. ಎರಡು, ಹೆಸರು ಬದಲಿಸಲು ಎರಡು ನಿಮಿಷ ಸಾಕು.

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ನೆಟ್ ಸೆಂಟರಿಗೆ ಬರುವವರು ಕಡಿಮೆಯಾದರು. ಫಕ್ಕೀರಪ್ಪ ಬೋರ್ಡು ಇಳಿಸಿ ಅಲ್ಲೇ ಬಳೆ ಅಂಗಡಿ ಹಾಕಿದ. ಕಂಪ್ಯೂಟರುಗಳು ಮೆಹಬೂಬನ ಅಂಗಡಿ ಸೇರಿದವು. ಅಲ್ಲಿ ಒಂದಷ್ಟು ಕಾಲ ಡಬ್ಬಿಯಲ್ಲಿ ಬಿದ್ದಿದ್ದೆ. ಒಂದು ದಿನ ಮಹಿಳಾ ಕಾಲೇಜಿನ ಕಚೇರಿಯ ಕಂಪ್ಯೂಟರಿಗೆ ಕಾರ್ಡ್ ಬೇಕಾಗಿ, ಮೆಹಬೂಬ್ ನನ್ನನ್ನು ಒರೆಸಿ ಅದರಲ್ಲಿ ಕೂರಿಸಿದ. ಹಳೆಯ ಹೊದಿಕೆಯ ಹೆಸರು ಹೋಗಿ ನನ್ನ ಸ್ವಂತ ಹೆಸರು ನನಗೆ ಮರಳಿತು. ಅದೊಂದು ಸುಖದ ದಿನ. ಆ ಸುಖವೂ ಬಹಳ ಕಾಲ ಬಾಳಲಿಲ್ಲ.

ಆ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವರು ವಿಮಲಾ ಗಡಾದ. ಕಾಲೇಜು ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತೆ. ಮೇಜಿನ ಕೆಳಗೆ ನನ್ನ ಪೆಟ್ಟಿಗೆ ಇದ್ದುದರಿಂದ ಹಿಂಬದಿಯ ಸಂದಿಯಿಂದ ನನಗೆ ಕಾಣುತ್ತಿದ್ದುದು ಅವರ ಪಾದಗಳು ಮಾತ್ರ. ಎಡಗಾಲಿನ ಚಪ್ಪಲಿಯ ಪಟ್ಟಿಗೆ ಹೊಲಿಗೆ ಹಾಕಿಸಿದ್ದರು. ಹೆಸರಿನ ಪಟ್ಟಿ ತಾಳೆ ನೋಡುವಾಗ ಆ ಕಾಲಿನ ಹೆಬ್ಬೆರಳು ಒಂದೇ ಸಮನೆ ನೆಲಕ್ಕೆ ಬಡಿಯುತ್ತಿತ್ತು. ತಪ್ಪು ಸಿಕ್ಕ ಕೂಡಲೇ ನಿಲ್ಲುತ್ತಿತ್ತು. ಪ್ರತಿ ಶುಕ್ರವಾರ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು, ಆಯುಧ ಪೂಜೆಗೆ ಕುಂಕುಮ ಹಚ್ಚುತ್ತಿದ್ದರು. ಊಟದ ಡಬ್ಬಿ ಬೆಚ್ಚಗಿರಲೆಂದು ನಮ್ಮ ತಲೆಯ ಮೇಲೆಯೇ ಇಡುತ್ತಿದ್ದರು. ನನ್ನ ದೀಪ ಆರಿದ್ದರೆ ಬಗ್ಗಿ ಕೇಬಲ್ ಒತ್ತಿ ಸರಿ ಮಾಡಿ, ಉರಿದ ಮೇಲೆಯೇ ಏಳುತ್ತಿದ್ದರು.

ವಿದ್ಯಾರ್ಥಿನಿಯರ ಆಂತರಿಕ ಅಂಕಗಳನ್ನು ಇಡಲು ಕಾಲೇಜಿನವರು ಒಂದು ಸಾಫ್ಟ್‌ವೇರ್ ತರಿಸಿದ್ದರು. ಅದನ್ನು ಹಾಕಿಕೊಟ್ಟ ಕಂಪನಿಯವನು ಬಹಳ ಜಾಣನಂತೆ ಒಂದು ಬೀಗ ಹಾಕಿದ್ದ. ಅಂಕಗಳ ಪುಸ್ತಕ ಇದ್ದದ್ದು ಕಾಲೇಜಿನ ಬೇರೊಂದು ಕಂಪ್ಯೂಟರಿನಲ್ಲಿ, ಆದರೆ ತಂತಿಯ ಮೂಲಕ ಅದು ಕಚೇರಿಯ ಕಂಪ್ಯೂಟರಿಗೆ ಮಾತ್ರ ತೆರೆಯಬೇಕು. ಕಚೇರಿಯ ಕಂಪ್ಯೂಟರ್ ಎಂದು ತಿಳಿಯುವುದು ಹೇಗೆ? ನನ್ನ ಹೆಸರಿನಿಂದ. ಆ ಹನ್ನೆರಡು ಅಕ್ಷರ ಹೇಳಿದವರಿಗೆ ಪುಸ್ತಕ ತೆರೆ, ಉಳಿದವರಿಗೆ ಮುಚ್ಚು. ಪಾಸ್‌ವರ್ಡೂ ಒಂದಿತ್ತು, ಆದರೆ ಅದು ಇಡೀ ಕಾಲೇಜಿಗೆ ಒಂದೇ. ಉಪನ್ಯಾಸಕರು ಒಬ್ಬೊಬ್ಬರಾಗಿ ವಿಮಲಾ ಅವರ ಮೇಜಿಗೆ ಬಂದು ತಮ್ಮ ತಮ್ಮ ಅಂಕ ತುಂಬಿ ಹೋಗುತ್ತಿದ್ದರಿಂದ ಅದು ಎಲ್ಲರಿಗೂ ಬಾಯಿಪಾಠವಾಗಿತ್ತು. ಕೊನೆಯ ದಿನ ದಾಟಿದ ಮೇಲೆ ಯಾರಾದರೂ ತಿದ್ದಬೇಕಾದರೆ ಪ್ರಿನ್ಸಿಪಾಲರ ಪತ್ರ ತರಬೇಕು ಎಂಬ ನಿಯಮವಿತ್ತು. ಆ ನಿಯಮ ಇದ್ದದ್ದು ಕಾಗದದಲ್ಲಿ. ಬಾಗಿಲಲ್ಲಿ ಇದ್ದದ್ದು ನನ್ನ ಹೆಸರೊಂದೇ.

ಇನ್ನೊಂದು ವಿಷಯ ನಿಮಗೆ ಹೇಳಬೇಕು. ಒಂದೇ ಜಾಲದಲ್ಲಿರುವ ನಾವೆಲ್ಲ ಪ್ರತಿ ಮಾತಿಗೂ ಮೊದಲು ನಮ್ಮ ಹೆಸರು ಹೇಳಿಯೇ ಮಾತಾಡುತ್ತೇವೆ. ಅದು ನಮ್ಮ ಕಟ್ಟಳೆ. ಅದೇ ಜಾಲಕ್ಕೆ ಸೇರಿದ ಯಾವ ಕಂಪ್ಯೂಟರಿನಲ್ಲಿಯೂ ಒಂದು ಸಾಲಿನ ಆಜ್ಞೆ ಕುಟ್ಟಿದರೆ ಅಕ್ಕಪಕ್ಕದವರ ಹೆಸರುಗಳ ಪಟ್ಟಿ ಬೀಳುತ್ತದೆ. ಸಂತೆಯಲ್ಲಿ ಕೂಗಿ ಹೇಳುವ ಹೆಸರನ್ನು ಕೀಲಿಕೈ ಎಂದು ನಂಬಿದರೆ ನಾನೇನು ಮಾಡಲಿ?

ಆ ವರ್ಷ ಅಂಕ ತುಂಬುವ ಕೊನೆಯ ದಿನ ಶನಿವಾರಕ್ಕೆ ಮುಗಿದಿತ್ತು. ಸೋಮವಾರ ಬೆಳಿಗ್ಗೆ ವಿಮಲಾ ಬಂದು ಗುಂಡಿ ಒತ್ತಿದರೆ ನಮ್ಮ ಪೆಟ್ಟಿಗೆ ಉಸಿರಾಡಲಿಲ್ಲ. ಒಳಗೆ ಕರೆಂಟು ಹಂಚುವ ಭಾಗ ಕೆಟ್ಟಿತ್ತು. ಜವಾನ ರಜೆಯಲ್ಲಿದ್ದ. ಕಾಯುತ್ತ ಕೂರುವ ಜಾಯಮಾನ ಅವರದಲ್ಲ. ತಾವೇ ಪೆಟ್ಟಿಗೆಯನ್ನು ಎತ್ತಿ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮೆಹಬೂಬನ ಅಂಗಡಿಗೆ ತಂದರು. ಹುಬ್ಬಳ್ಳಿಯಿಂದ ಸಾಮಾನು ಬರಬೇಕು, ಗುರುವಾರ ಕೊಡುತ್ತೇನೆ ಎಂದು ಅವನು ಚೀಟಿ ಬರೆದುಕೊಟ್ಟ. ಗುರುವಾರವೇ ಕೊಟ್ಟ. ಸೋಮವಾರದಿಂದ ಗುರುವಾರದವರೆಗೆ ನಾನು ಅವನ ಅಂಗಡಿಯಲ್ಲಿ, ಒಂದು ಹಳೆಯ ಮಿಕ್ಸರಿನ ಪಕ್ಕ, ಹಾಸಿದ ಪೇಪರಿನ ಮೇಲೆ ತೆರೆದ ಹೊಟ್ಟೆಯ ಪೆಟ್ಟಿಗೆಯಲ್ಲಿ ಮಲಗಿದ್ದೆ. ಇದು ನಿಮಗೂ ತಿಳಿದಿರಲಿ, ಏಕೆಂದರೆ ಮುಂದೆ ಇದನ್ನು ನಂಬಲು ಯಾರೂ ತಯಾರಿರಲಿಲ್ಲ.

ಹತ್ತು ದಿನ ಕಳೆದ ಮೇಲೆ ಪ್ರಿನ್ಸಿಪಾಲ ಹೊಸಮಠ ಅವರು ವಿಶ್ವವಿದ್ಯಾಲಯಕ್ಕೆ ಕಳಿಸುವ ಮುನ್ನ ಪಟ್ಟಿಯನ್ನು ತಮ್ಮಲ್ಲಿದ್ದ ಶನಿವಾರದ ಪ್ರತಿಯೊಂದಿಗೆ ಹೋಲಿಸಿದರು. ಎಂಟು ವಿದ್ಯಾರ್ಥಿನಿಯರ ಅಂಕ ಏರಿತ್ತು. ಸಾಫ್ಟ್‌ವೇರಿನ ದಾಖಲೆ ತೆಗೆಸಿ ನೋಡಿದರೆ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ತಿದ್ದಿದ್ದಾರೆ ಎಂದಿತ್ತು. ತಿದ್ದಿದವರು? ಕಚೇರಿಯ ಕಂಪ್ಯೂಟರ್. ಪಕ್ಕದಲ್ಲಿ ನನ್ನ ಹೆಸರು, ಹನ್ನೆರಡೂ ಅಕ್ಷರ, ಒಂದೂ ಹೆಚ್ಚುಕಡಿಮೆ ಇಲ್ಲದೆ.

ಕಚೇರಿಯ ಕೀಲಿ ಇದ್ದದ್ದು ವಿಮಲಾ ಅವರ ಹತ್ತಿರ. ಅವರನ್ನು ಕರೆಸಿದರು. ಬುಧವಾರ ಕಂಪ್ಯೂಟರೇ ಕಾಲೇಜಿನಲ್ಲಿ ಇರಲಿಲ್ಲ, ರಿಪೇರಿಗೆ ಹೋಗಿತ್ತು ಎಂದು ಅವರು ಹೇಳಿದರು. ಕಳಿಸಿದ್ದಕ್ಕೆ ಪತ್ರವೆಲ್ಲಿ ಎಂದು ಪ್ರಿನ್ಸಿಪಾಲರು ಕೇಳಿದರು. ಪತ್ರವಿರಲಿಲ್ಲ. ಮೆಹಬೂಬನ ಚೀಟಿ ತೋರಿಸಿದರೆ, ಪರಿಚಯದ ಅಂಗಡಿಯವ ಯಾವ ತಾರೀಖು ಬೇಕಾದರೂ ಬರೆದುಕೊಡುತ್ತಾನೆ ಎಂದರು. ಸಾಫ್ಟ್‌ವೇರ್ ಕಂಪನಿಯವನಿಗೆ ಫೋನು ಮಾಡಿದರು. ಅದು ಕಾರ್ಖಾನೆಯಲ್ಲಿ ಹಾಕಿದ ಹೆಸರು ಸರ್, ಬದಲಾಗುವುದಿಲ್ಲ, ದಾಖಲೆಯಲ್ಲಿ ಬಂದಿದ್ದರೆ ಅದೇ ಮಷೀನು ಎಂದು ಅವನು ಕಣ್ಣು ಮುಚ್ಚಿ ಹೇಳಿದ. ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕ ಸಂಗಮೇಶ ತೋಟಗೇರ ಅವರನ್ನು ಕರೆದು ಇದು ನಿಜವೇ ಎಂದು ಕೇಳಿದರು. "ಸಾಮಾನ್ಯವಾಗಿ ಹಂಗ ರೀ ಸರ" ಎಂದು ಅವರು ಉತ್ತರ ಕೊಟ್ಟರು. ಈ ಮಾತುಕತೆಯೆಲ್ಲ ನಡೆದದ್ದು ನನ್ನ ಪೆಟ್ಟಿಗೆಯ ಮುಂದೆಯೇ. ಅಲ್ಲಿ ಸುತ್ತ ನಿಂತಿದ್ದ ಕಾಲುಗಳಲ್ಲಿ ತೋಟಗೇರರ ಕರಿ ಬೂಟುಗಳು ಮಾತ್ರ ಒಂದರ ಮೇಲೊಂದು ಏರಿ ಇಳಿಯುತ್ತಿದ್ದವು.

ಸಂಜೆಯೊಳಗೆ ಆದೇಶ ಹೊರಟಿತು. ವಿಚಾರಣೆ ಮುಗಿಯುವವರೆಗೆ ಶ್ರೀಮತಿ ವಿಮಲಾ ಗಡಾದ ಅವರನ್ನು ಅಮಾನತಿನಲ್ಲಿಡಲಾಗಿದೆ ಎಂಬ ಹಾಳೆಯನ್ನು, ಹುಡುಗಿಯರು ಟೈಮ್ ಟೇಬಲ್ ನೋಡುವ ಬೋರ್ಡಿಗೇ ಅಂಟಿಸಿದರು. ಅವರು ಮೇಜಿನ ಖಾನೆಯಿಂದ ತಮ್ಮ ಕನ್ನಡಕದ ಪೆಟ್ಟಿಗೆ, ಊಟದ ಡಬ್ಬಿ ತೆಗೆದುಕೊಂಡರು. ಹೋಗುವ ಮುನ್ನ ಬಗ್ಗಿ ಕಂಪ್ಯೂಟರಿನ ಸ್ವಿಚ್ ಆರಿಸಿದರು. ಕೋಣೆಗೆ ಬೀಗ ಬಿತ್ತು.

ಇಪ್ಪತ್ತಾರು ದಿನ ನಾನು ಆ ಕತ್ತಲೆಯಲ್ಲಿ ಕೂತಿದ್ದೆ. ಕಿಟಕಿಯ ಆಚೆ ನಿಂತು ಮಾತಾಡುವವರ ದನಿ ಕೇಳುತ್ತಿತ್ತು. ವಿಮಲಾ ಮೇಡಂ ಹುಡುಗಿಯರ ಮನೆಯವರಿಂದ ಏನೋ ತೆಗೆದುಕೊಂಡಿದ್ದಾರಂತೆ ಎಂದು ಒಬ್ಬರು, ಮೊದಲಿನಿಂದಲೂ ಅವರು ಹಾಗೇ ಅಂತೆ ಎಂದು ಇನ್ನೊಬ್ಬರು. ನಿನ್ನೆಯವರೆಗೆ ಅವರ ಡಬ್ಬಿಯ ಚಪಾತಿ ತಿಂದವರ ದನಿಗಳೇ ಅವು. ಒಂದು ಹಲಗೆಯ ಮೇಲಿನ ಹನ್ನೆರಡು ಅಕ್ಷರಗಳನ್ನು ನಂಬಿದರು, ಹತ್ತೊಂಬತ್ತು ವರ್ಷ ಎದುರಿಗೆ ಕೂತ ಹೆಂಗಸನ್ನು ನಂಬಲಿಲ್ಲ. ನನಗೆ ಬಾಯಿ ಇದ್ದೂ ಇರಲಿಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದೆ? ನನ್ನ ಹೆಸರು ಕೇಳಿದರೆ ಅದೇ ಹನ್ನೆರಡು ಅಕ್ಷರ ಹೇಳುತ್ತಿದ್ದೆ.

ಆ ದಿನಗಳಲ್ಲಿ ವಿಮಲಾ ಮೆಹಬೂಬನ ಅಂಗಡಿಗೆ ಹೋಗಿ, ಬುಧವಾರ ಕಂಪ್ಯೂಟರ್ ನಿನ್ನ ಹತ್ತಿರವೇ ಇತ್ತು ಎಂದು ಸರಿಯಾಗಿ ಬರೆದುಕೊಡು ಎಂದು ಕೇಳಿದರಂತೆ. ದಾಖಲೆಯಲ್ಲಿ ಏನಿದೆ ಎಂದು ಅವನು ವಿಚಾರಿಸಿದ. ಅವರು ತಮಗೆ ಕೊಟ್ಟ ಪ್ರತಿಯನ್ನು ತೋರಿಸಿದರು. ಅವನು ಅದನ್ನು ಓದಿ, ಬರೆದುಕೊಡುವುದಿಲ್ಲ, ಬಂದು ತೋರಿಸುತ್ತೇನೆ ಎಂದನಂತೆ.

ವಿಚಾರಣೆಯ ದಿನ ನನ್ನ ಪೆಟ್ಟಿಗೆಯನ್ನು ಪ್ರಿನ್ಸಿಪಾಲರ ಕೋಣೆಗೆ ಒಯ್ದರು. ಹೊಸಮಠ ಅವರು, ಆಡಳಿತ ಮಂಡಳಿಯ ಇಬ್ಬರು ಹಿರಿಯರು, ತಜ್ಞರೆಂದು ತೋಟಗೇರ, ಎದುರಿಗೆ ವಿಮಲಾ. ಮೆಹಬೂಬನನ್ನು ಒಳಗೆ ಬಿಡುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಹಿರಿಯರಲ್ಲಿ ಒಬ್ಬರು, ಬಂದವನ ಮಾತು ಕೇಳಿದರೆ ನಷ್ಟವೇನು ಎಂದರು.

ಮೆಹಬೂಬ್ ಚಪ್ಪಲಿ ಹೊರಗೆ ಬಿಟ್ಟು ಬಂದ. ಅನುಮತಿ ಕೇಳಿ, ನೆಲದ ಮೇಲೆ ಕೂತು ಪೆಟ್ಟಿಗೆಯ ಸ್ಕ್ರೂ ಬಿಚ್ಚಿದ. ನನ್ನನ್ನು ಎಳೆದು ತೆಗೆದು ಪ್ರಿನ್ಸಿಪಾಲರ ಮೇಜಿನ ಗಾಜಿನ ಮೇಲೆ ಮಲಗಿಸಿದ. ವಿಮಲಾ ಅವರ ಮುಖವನ್ನು ನಾನು ನೆಟ್ಟಗೆ ನೋಡಿದ್ದು ಅವತ್ತೇ. ಇಷ್ಟು ವರ್ಷ ಪಾದ ನೋಡಿ ಊಹಿಸಿದ್ದಕ್ಕಿಂತ ಚಿಕ್ಕ ಮುಖ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಸರ, ಇದರ ಮ್ಯಾಲಿನ ಚೀಟಿ ಒಂದಿಷ್ಟು ಓದ್ರಿ" ಎಂದ ಮೆಹಬೂಬ್.

ಹೊಸಮಠ ಅವರು ಕನ್ನಡಕ ಏರಿಸಿ ನನ್ನ ಹನ್ನೆರಡು ಅಕ್ಷರಗಳನ್ನು ಓದಿದರು. ಹಿರಿಯರು ದಾಖಲೆಯ ಪ್ರತಿಯೊಂದಿಗೆ ತಾಳೆ ನೋಡಿ ಸರಿ ಎಂದರು. ಮೆಹಬೂಬ್ ಚೀಲದಿಂದ ತನ್ನ ಹಳೆಯ ಲ್ಯಾಪ್‌ಟಾಪ್ ತೆಗೆದು ಗೋಡೆಯ ಕೇಬಲನ್ನು ಅದಕ್ಕೆ ಚುಚ್ಚಿದ. ಪರದೆಯ ಮೇಲೆ ಆ ಪುಟ್ಟ ಪೆಟ್ಟಿಗೆ ತೆರೆದು, ಹನ್ನೆರಡು ಅಕ್ಷರಗಳನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತ ಕುಟ್ಟಿದ. ನಂತರ ಲ್ಯಾಪ್‌ಟಾಪನ್ನು ಪ್ರಿನ್ಸಿಪಾಲರ ಕಡೆಗೆ ತಿರುಗಿಸಿ, ಕಾಲೇಜಿನ ಪಾಸ್‌ವರ್ಡನ್ನು ಅವರೇ ಹಾಕಲಿ ಎಂದ. ಹಾಕಿದರು. ಅಂಕಗಳ ಪುಸ್ತಕ ತೆರೆದುಕೊಂಡಿತು.

ಮೆಹಬೂಬ್ ದಾಖಲೆಯ ಪುಟ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

"ಆಫೀಸಿನ ಕಂಪ್ಯೂಟರ್ ಈಗ ಒಳಗ ಬಂತು ಅಂತ ಬರದೈತ್ರಿ. ಆಫೀಸಿನ ಕಂಪ್ಯೂಟರ್ ಹೊಟ್ಟಿ ಬಿಚ್ಚಿಕೊಂಡು ನೆಲದ ಮ್ಯಾಲೆ ಬಿದ್ದೈತಿ. ಅದರ ಕಾರ್ಡ್ ನಿಮ್ಮ ಟೇಬಲ್ ಮ್ಯಾಲೈತಿ. ಹಂಗಾರ ಒಳಗ ಬಂದಾವ್ರು ಯಾರ್ರಿ?"

ಹಿರಿಯರೊಬ್ಬರು ನನ್ನನ್ನು ಎತ್ತಿ ತಿರುಗಿಸಿ ನೋಡಿ ಮತ್ತೆ ಇಟ್ಟರು, ನನ್ನದೇ ಏನೋ ಕೈವಾಡ ಇದ್ದ ಹಾಗೆ. ಇದನ್ನು ಮಾಡಲು ಬಹಳ ವಿದ್ಯೆ ಬೇಕೇ ಎಂದು ಕೇಳಿದರು. ಜಾಲದೊಳಗೆ ಸೇರಿದ ಯಾರು ಬೇಕಾದರೂ ಮಾಡಬಹುದು, ಹೆಸರು ನೋಡಲು ಒಂದು ನಿಮಿಷ, ಹಾಕಿಕೊಳ್ಳಲು ಇನ್ನೊಂದು ನಿಮಿಷ ಎಂದ ಮೆಹಬೂಬ್. ಹೊಸಮಠ ಅವರು ನಿಧಾನವಾಗಿ ತೋಟಗೇರರ ಕಡೆಗೆ ತಿರುಗಿದರು. ಸಾಮಾನ್ಯವಾಗಿ ಹಾಗೆ ಎಂದು ನೀವು ಹೇಳಿದ್ದಿರಲ್ಲ ಎಂದು ಮಾತ್ರ ಕೇಳಿದರು.

ತೋಟಗೇರ ಎದ್ದು ನಿಂತರು.

"ನಾನ ಮಾಡೀನ್ರಿ ಸರ. ಎರಡನೇ ಟೆಸ್ಟಿನ ಮಾರ್ಕ್ಸ್ ಕೂಡಿಸೋದು ಬಿಟ್ಟಿದ್ದೆ. ಎಂಟು ಹುಡುಗ್ಯಾರಿಗೆ ಕಡಿಮಿ ಬಿದ್ದಿತ್ತು. ನಿಮ್ಮ ಮುಂದ ಬಂದು ಪತ್ರ ಕೇಳಾಕ ಧೈರ್ಯ ಆಗ್ಲಿಲ್ರಿ."

ಉಳಿದದ್ದನ್ನು ಅವರು ತಡವರಿಸುತ್ತ ಹೇಳಿದರು. ಆ ವರ್ಷ ಅವರು ಅದಾಗಲೇ ಎರಡು ತಪ್ಪಿಗೆ ಬೈಸಿಕೊಂಡಿದ್ದರು. ಮೂರನೆಯದಾದರೆ ಮುಂದಿನ ವರ್ಷ ಕೆಲಸ ಮುಂದುವರಿಯುವುದಿಲ್ಲ ಎಂಬ ಹೆದರಿಕೆ. ಹಿಂದೆ ಒಮ್ಮೆ ಪಾಠದಲ್ಲಿ ತೋರಿಸಲು ಜಾಲದ ಹೆಸರುಗಳನ್ನು ಬರೆದುಕೊಂಡಿದ್ದರು, ಅದರಲ್ಲಿ ನನ್ನದೂ ಇತ್ತು. ಬುಧವಾರ ಲ್ಯಾಬಿನಲ್ಲಿ ಕೂತು, ತಮ್ಮ ಲ್ಯಾಪ್‌ಟಾಪಿಗೆ ಆ ಹೆಸರು ಹಾಕಿ, ಸರಿಯಾದ ಅಂಕ ತುಂಬಿದರು. ಕಚೇರಿಯ ಕಂಪ್ಯೂಟರ್ ಅವತ್ತು ರಿಪೇರಿ ಅಂಗಡಿಯಲ್ಲಿ ಬಿದ್ದಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಅಂಕ ತಪ್ಪಿರಲಿಲ್ಲ, ಯಾರಿಗೂ ಅನ್ಯಾಯವಾಗುವುದಿಲ್ಲ ಎಂದುಕೊಂಡಿದ್ದರಂತೆ. ಆಮೇಲೆ ಬೋರ್ಡಿನಲ್ಲಿ ಹಾಳೆ ನೋಡಿದರು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ದಿನ ತಳ್ಳಿದರು.

ವಿಮಲಾ ಅವರ ಕಡೆ ತಿರುಗಿ ಕೈ ಮುಗಿದರು. ವಿಮಲಾ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡರು.

"ಇಪ್ಪತ್ತಾರು ದಿನ ನಾ ಮನ್ಯಾಗ ಕುಂತೀನಿ ಸರ. ನಿಮ್ಮ ಧೈರ್ಯ ಬರೂದಕ್ಕ ಇನ್ನೂ ಎಷ್ಟು ದಿನ ಬೇಕಿತ್ತು?"

ಹೊಸಮಠ ಅವರು, ಆದದ್ದು ಆಯಿತು, ಮರೆತುಬಿಡಿ, ನಾಳೆಯಿಂದ ಕೆಲಸಕ್ಕೆ ಬನ್ನಿ ಎಂದರು. ಅಷ್ಟು ಸಲೀಸಾಗಿ. ಆ ಕ್ಷಣ ನನ್ನ ಬಳಿ ಸಿಡಿಲಿದ್ದರೆ ಆ ಮೇಜಿನ ಮೇಲೆಯೇ ಸಿಡಿಯುತ್ತಿದ್ದೆ.

ವಿಮಲಾ ದನಿ ಏರಿಸಲಿಲ್ಲ. "ನನ್ನ ಅಮಾನತಿನ ಹಾಳಿ ಬೋರ್ಡಿಗೆ ಹಚ್ಚಿದ್ರಿ. ನಾ ತಪ್ಪು ಮಾಡಿಲ್ಲ ಅನ್ನೂ ಹಾಳೀನೂ ಅಲ್ಲೇ ಹಚ್ಚರಿ. ಅದನ್ನ ಓದಿ ಒಳಗ ಬರತೀನಿ" ಎಂದು ಎದ್ದು ಹೋದರು.

ಹಾಳೆ ಬರೆಯಲು ಅವರಿಗೆ ನಾಲ್ಕು ದಿನ ಹಿಡಿಯಿತು. ಒಂದು ಸಲ 'ತಾಂತ್ರಿಕ ದೋಷ' ಎಂದು ಬರೆದರು. ನನ್ನಲ್ಲಿ ಯಾವ ದೋಷವಿತ್ತು ಸ್ವಾಮಿ? ಹಿರಿಯರು ಅದನ್ನು ಹೊಡೆದುಹಾಕಿಸಿದರು. ಐದನೆಯ ದಿನ ಹಾಳೆ ಅಂಟಿತು. ವಿಮಲಾ ಬಂದು ಅದನ್ನು ಮೊದಲಿನಿಂದ ಕೊನೆಯವರೆಗೆ ನಿಂತು ಓದಿದರಂತೆ. ಆಮೇಲೆ ಮೇಜಿನ ಕೆಳಗೆ ಆ ಪಾದಗಳು ಮರಳಿದವು. ಹೊಸ ಚಪ್ಪಲಿ. ಅವರು ನನ್ನ ಪೆಟ್ಟಿಗೆಯ ಮೇಲೆ ಡಬ್ಬಿ ಇಡುವುದನ್ನು ಮಾತ್ರ ನಿಲ್ಲಿಸಿದರು. ತಿಂಗಳುಗಟ್ಟಲೆ ಕಿಟಕಿಯ ಮೇಲೆ ಇಟ್ಟರು. ನಾನು ಅದನ್ನು ತಪ್ಪು ಎನ್ನಲಾರೆ.

ಎಂಟು ಹುಡುಗಿಯರ ಅಂಕವನ್ನು ಪ್ರಿನ್ಸಿಪಾಲರ ಪತ್ರದೊಂದಿಗೆ ಮತ್ತೆ ತುಂಬಿದರು. ಅವೇ ಅಂಕಿಗಳು, ಒಂದೂ ಬದಲಾಗಲಿಲ್ಲ. ಒಂದು ಪತ್ರದ ಕೆಲಸ. ತೋಟಗೇರರಿಗೆ ಎಚ್ಚರಿಕೆ ಕೊಟ್ಟರು, ಮರುವರ್ಷ ಅವರು ಕಾಣಲಿಲ್ಲ. ಅದು ಇದೇ ಕಾರಣಕ್ಕೋ ಬೇರೆ ಕಾರಣಕ್ಕೋ ನನಗೆ ತಿಳಿಯದು. ಸಾಫ್ಟ್‌ವೇರ್ ಕಂಪನಿಯವನು ಫೋನಿನಲ್ಲಿ, ಹೆಸರು ಬದಲಿಸಬಹುದೆಂದು ನಮ್ಮ ಕೈಪಿಡಿಯಲ್ಲಿ ಬರೆದೇ ಇದೆ ಸರ್ ಎಂದ. ಬರೆದಿತ್ತಂತೆ, ನಲವತ್ತೊಂದನೆಯ ಪುಟದಲ್ಲಿ. ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟರು, ಒಳಗೆ ಬರಲು ಮೊಬೈಲಿಗೆ ಬರುವ ಸಂಖ್ಯೆಯನ್ನೂ ಕೇಳುವಂತೆ ಮಾಡಿದರು. ಲ್ಯಾಬಿನ ತಂತಿಗಳನ್ನು ಕಚೇರಿಯ ತಂತಿಗಳಿಂದ ಬೇರ್ಪಡಿಸಿದರು. ಮೊದಲೇ ಮಾಡಬೇಕಿದ್ದ ಕೆಲಸವಿದು. ಒಬ್ಬ ಹೆಂಗಸು ಇಪ್ಪತ್ತಾರು ದಿನ ತಲೆ ತಗ್ಗಿಸಿ ಓಡಾಡಿದ ಮೇಲೆ ಆಯಿತು.

ಕಾಲೇಜಿಗೆ ಹೊಸ ಕಂಪ್ಯೂಟರ್ ಬಂದಾಗ ನನ್ನ ಅಗತ್ಯ ಮುಗಿಯಿತು. ಈಗ ಮೆಹಬೂಬನ ಅಂಗಡಿಯ ಅಟ್ಟದ ಮೇಲೆ, ರಟ್ಟಿನ ಪೆಟ್ಟಿಗೆಯೊಂದರಲ್ಲಿ, ನನ್ನಂಥವರ ನಡುವೆ ಬಿದ್ದಿದ್ದೇನೆ. ಪೆಟ್ಟಿಗೆ ತುಂಬಿದ ದಿನ ಗುಜರಿಯವನು ಬಂದು ಒಯ್ಯುತ್ತಾನೆ. ಮೈಮೇಲಿನ ಚೀಟಿ ಅರ್ಧ ಸುಲಿದಿದೆ, ನನ್ನ ಪಾಲಿನ ಆರು ಅಕ್ಷರಗಳಲ್ಲಿ ಎರಡು ಅಳಿಸಿವೆ.

ಮೊನ್ನೆ ವಿಮಲಾ ಅಂಗಡಿಗೆ ಬಂದಿದ್ದರು. ಈಗ ನಿವೃತ್ತರು, ಕೂದಲು ಪೂರ್ತಿ ಬೆಳ್ಳಗಾಗಿದೆ. ಅವರ ಹೊಸ ಮೊಬೈಲ್ ವೈಫೈ ಹಾಕುವಾಗ ಏನೋ ಕೇಳುತ್ತಿದೆಯಂತೆ, ಏನು ಒತ್ತಬೇಕು ಎಂದು ತಿಳಿಯಲಿಲ್ಲವಂತೆ. ಮೆಹಬೂಬ್ ನೋಡಿ ವಿವರಿಸಿದ. ಈಗಿನ ಫೋನುಗಳು ಒಂದೊಂದು ಜಾಲದಲ್ಲಿ ಒಂದೊಂದು ಹೆಸರು ಹೇಳುತ್ತವೆ, ತಾವೇ ಹುಟ್ಟಿಸಿಕೊಂಡ ಹೆಸರು. ಹೋದಲ್ಲೆಲ್ಲ ಒಂದೇ ಹೆಸರು ಹೇಳಿದರೆ ಹಿಂದೆ ಬಿದ್ದವರಿಗೆ ಸುಲಭ, ಅದಕ್ಕೆ ಹೀಗೆ ಮಾಡಿದ್ದಾರೆ. ಇದು ಬೇಡವೆಂದರೆ ಕಾರ್ಖಾನೆಯ ಹೆಸರನ್ನೇ ಹೇಳುವ ಹಾಗೆ ಮಾಡಬಹುದು.

"ಹಂಗ ಇರಲಿ ಬಿಡು ಮೆಹಬೂಬ್" ಎಂದರು ವಿಮಲಾ. "ಬ್ಯಾರೆ ಬ್ಯಾರೆ ಹೆಸರ ಹೇಳಲಿ."

ಅಟ್ಟದ ಮೇಲಿನಿಂದ ನಾನು ಅದನ್ನು ಕೇಳಿಸಿಕೊಂಡೆ. ಒಂದೇ ಹೆಸರನ್ನು ನನ್ನದೆಂದು ನಂಬಿ ಬದುಕಿದವನಿಗೆ ಆ ಮಾತಿನಿಂದ ನೋವಾಗಬೇಕಿತ್ತು. ಆಗಲಿಲ್ಲ. ಹೆಸರು ನನಗೆ ಕೊಟ್ಟದ್ದು ತಂತಿಯಲ್ಲಿ ಬಂದ ಮಾತು ದಾರಿ ತಪ್ಪದೆ ನನ್ನ ಹತ್ತಿರ ಬರಲಿ ಎಂದು. ಅಷ್ಟಕ್ಕೇ. ಅದನ್ನು ಹಿಡಿದು ಯಾರು ಒಳ್ಳೆಯವರು, ಯಾರು ಕಳ್ಳರು ಎಂದು ತೀರ್ಮಾನಿಸುವ ಕೆಲಸಕ್ಕೆ ನಾನು ಯಾವತ್ತೂ ಒಪ್ಪಿರಲಿಲ್ಲ. ಅದಕ್ಕೆ ಎದುರಿಗೆ ಕೂತವರನ್ನು ಮಾತಾಡಿಸಬೇಕು, ಅವರ ಮಾತು ಕೇಳಬೇಕು. ಆ ತೊಂದರೆ ಬೇಡವೆಂದೇ ಅಲ್ಲವೇ ನೀವು ನನ್ನನ್ನು ಕೇಳಿದ್ದು.